ಕ್ಲ್ಯಾಂಪ್ ಮೀಟರ್ ಸೊನ್ನೆ ತೋರಿಸಿದರೆ ಕೆಟ್ಟಿದೆ ಎಂದೇ?

ಪ್ರಶ್ನೆ: ಇಸ್ತ್ರಿ ಪೆಟ್ಟಿಗೆ ಚೆನ್ನಾಗಿ ಕಾಯುತ್ತಿದೆ. ಆದರೆ ಅದರ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ ಸೊನ್ನೆ ಬರುತ್ತದೆ. ಮೀಟರ್ ಕೆಟ್ಟಿದೆಯೇ? ಅಷ್ಟಕ್ಕೂ ತಾಮ್ರವನ್ನು ಮುಟ್ಟದೆ ಅದು ಕರೆಂಟ್ ಅಳೆಯುವುದಾದರೂ ಹೇಗೆ?

ಉತ್ತರ: ಬಹುಮಟ್ಟಿಗೆ ಮೀಟರ್ ಸರಿಯಾಗಿಯೇ ಇದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಸೊನ್ನೆಯಲ್ಲೇ ಇದೆ.

ತಂತಿಯಲ್ಲಿ ಕರೆಂಟ್ ಹರಿದಾಗ ಅದರ ಸುತ್ತ ಬಳೆ ತೊಡಿಸಿದಂತೆ ಕಾಂತಕ್ಷೇತ್ರ ಹುಟ್ಟುತ್ತದೆ. 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ತಂತಿಯ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಕದಲಿದ್ದನ್ನು ಕಂಡು ಇದನ್ನು ಗುರುತಿಸಿದರು. ವೈರಿನ ಪ್ಲಾಸ್ಟಿಕ್ ಕವಚ ಕರೆಂಟನ್ನು ತಡೆಯುತ್ತದೆ, ಕಾಂತಕ್ಷೇತ್ರವನ್ನಲ್ಲ. ಮುಟ್ಟದೆ ಅಳೆಯಲು ಸಾಧ್ಯವಾಗುವುದು ಹೀಗೆ.

ಇಸ್ತ್ರಿ ಪೆಟ್ಟಿಗೆಯ ವೈರಿನೊಳಗೆ ಫೇಸ್ ತಂತಿಯಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್ ತಂತಿಯಲ್ಲಿ ಎದುರು ದಿಕ್ಕಿಗೆ ಹರಿಯುತ್ತಿರುತ್ತದೆ. ಮೀಟರಿನ ದವಡೆಗೆ, ಅಂದರೆ ವೈರನ್ನು ಸುತ್ತುವರಿಯುವ ಇಕ್ಕಳದಂಥ ಭಾಗಕ್ಕೆ, ಕಾಣುವುದು ತನ್ನೊಳಗೆ ಹಾದುಹೋಗುವ ಒಟ್ಟು ಕರೆಂಟ್ ಮಾತ್ರ. ಎರಡೂ ಸೇರಿದರೆ ಸೊನ್ನೆ. ಒಂದೇ ತಂತಿ ದವಡೆಯೊಳಗಿದ್ದರೆ ಆಂಪಿಯರ್ ಕಾಣುತ್ತದೆ. ಅದಕ್ಕಾಗಿ ದಯವಿಟ್ಟು ವೈರನ್ನು ಸೀಳಬೇಡಿ. ತಂತಿಗಳನ್ನು ಬೇರ್ಪಡಿಸಿ ಕೊಡುವ ಲೈನ್ ಸ್ಪ್ಲಿಟರ್ ಸಿಗುತ್ತದೆ. ಇದೇ ಗುಣ ಇನ್ನೊಂದು ಕಡೆ ಬಹಳ ಉಪಕಾರಿ: ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದಾಗ ಸೊನ್ನೆ ಬರದಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ ಎಂದರ್ಥ. ಮಿಲಿಆಂಪಿಯರ್ ಮಟ್ಟದ ಸೋರಿಕೆ ಹಿಡಿಯಲೆಂದೇ ಬೇರೆ ಕ್ಲ್ಯಾಂಪ್‌ಗಳಿವೆ.

ಈ ಕಾಂತಕ್ಷೇತ್ರ ಎಷ್ಟು ದುರ್ಬಲ ಗೊತ್ತೇ? 1 ಆಂಪಿಯರ್ ಹರಿಯುವ ತಂತಿಯಿಂದ 1 ಸೆಂಟಿಮೀಟರ್ ದೂರದಲ್ಲಿ ಅದು 20 ಮೈಕ್ರೊಟೆಸ್ಲಾ. ಭೂಮಿಯದೇ ಸುಮಾರು 25ರಿಂದ 65. ಆದ್ದರಿಂದ ದವಡೆಯೊಳಗೆ ಕಬ್ಬಿಣದಂಥ ಕೋರ್ ಇಟ್ಟು ಕ್ಷೇತ್ರವನ್ನು ಒಂದೆಡೆ ಸೇರಿಸುತ್ತಾರೆ. ದವಡೆಯ ತುದಿಗಳ ನಡುವೆ ಕೊಳೆ ಸಿಕ್ಕಿ ಸಂದು ಬಿಟ್ಟರೆ ರೀಡಿಂಗ್ ತಪ್ಪುತ್ತದೆ. ಒರೆಸಿ, ಪೂರ್ತಿ ಮುಚ್ಚಿ ನೋಡಿ.

ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಮನೆಯ ಕರೆಂಟ್, ಅಳೆಯುವಾಗ ದವಡೆ ಒಂದು ಟ್ರಾನ್ಸ್‌ಫಾರ್ಮರ್ ಆಗುತ್ತದೆ. ನಿಮ್ಮ ತಂತಿಯೇ ಅದರ ಒಂದು ಸುತ್ತಿನ ಪ್ರೈಮರಿ (ಕರೆಂಟ್ ಒಳಬರುವ ಕಡೆಯ ಸುರುಳಿ). ಒಳಗಿನ ಕಾಯಿಲ್‌ನಲ್ಲಿ 1000 ಸುತ್ತುಗಳಿದ್ದರೆ 100 ಆಂಪಿಯರ್ ಅಲ್ಲಿ 0.1 ಆಂಪಿಯರ್ ಆಗಿ ಇಳಿಯುತ್ತದೆ, ಅದನ್ನು ಅಳೆಯುವುದು ಸುಲಭ. ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿಗೆ ಹರಿಯುವ ಡಿಸಿಗೆ ಈ ಉಪಾಯ ನಡೆಯದು, ಏಕೆಂದರೆ ಬದಲಾಗದ ಕಾಂತಕ್ಷೇತ್ರ ಕಾಯಿಲ್‌ನಲ್ಲಿ ಏನನ್ನೂ ಹುಟ್ಟಿಸುವುದಿಲ್ಲ. ಅಲ್ಲಿ ಕೋರ್‌ನ ಸಂದಿಯಲ್ಲಿ ಹಾಲ್ ಸೆನ್ಸರ್ ಇಡುತ್ತಾರೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಇದು: ಕಾಂತಕ್ಷೇತ್ರ ಸೆನ್ಸರ್‌ನ ತೆಳು ಪಟ್ಟಿಯೊಳಗೆ ಹರಿಯುವ ಎಲೆಕ್ಟ್ರಾನ್‌ಗಳನ್ನು ಒಂದು ಬದಿಗೆ ತಳ್ಳುತ್ತದೆ, ಅಡ್ಡಲಾಗಿ ಸಣ್ಣ ವೋಲ್ಟೇಜ್ ಏಳುತ್ತದೆ. ಭೂಮಿಯ ಕ್ಷೇತ್ರ, ಕೋರ್‌ನಲ್ಲಿ ಉಳಿದ ಕಾಂತತೆ ಎರಡೂ ಈ ಸೆನ್ಸರ್‌ಗೆ ತಟ್ಟುವುದರಿಂದ ಡಿಸಿ ಅಳೆಯುವ ಮೊದಲು ಝೀರೊ ಬಟನ್ ಒತ್ತಲೇಬೇಕು.

ಕರೆಂಟ್ ತೀರಾ ಕಡಿಮೆಯಿದ್ದು ಅಂಕಿ ನಿಲ್ಲದಿದ್ದರೆ, ಕವಚವಿರುವ ಅದೇ ಒಂಟಿ ತಂತಿಯನ್ನು, ಸಪ್ಲೈ ಆಫ್ ಮಾಡಿ, ದವಡೆಗೆ 10 ಸುತ್ತು ಸುತ್ತಿ. ಆಮೇಲೆ ಬಂದ ಅಂಕಿಯನ್ನು 10ರಿಂದ ಭಾಗಿಸಿ.