ಮನೆಯೊಳಗಿನ ಹೊಗೆಗೆ ದೂರು ಕೊಡುವವರು ಯಾರು?

ನಮ್ಮ ಅಮ್ಮಿ ಊದುಬತ್ತಿ ಹೊಸೆಯಲು ಕೂರುವ ಮೊದಲು ಫ್ಯಾನ್ ಆರಿಸುತ್ತಿದ್ದರು. ಆಮೇಲೆ ಕಿಟಕಿ ಮುಚ್ಚುತ್ತಿದ್ದರು. ಇದ್ದಿಲ ಪುಡಿ ಅಷ್ಟು ನುಣ್ಣಗಿರುತ್ತದೆ, ಸ್ವಲ್ಪ ಗಾಳಿ ಆಡಿದರೂ ಹಾರುತ್ತದೆ. ಹಾರಿದರೆ ತೂಕ ಕಮ್ಮಿ, ತೂಕ ಕಮ್ಮಿಯಾದರೆ ಮಾಲು ಕೊಟ್ಟವನು ಕೂಲಿಯಲ್ಲಿ ಹಿಡಿದುಕೊಳ್ಳುತ್ತಿದ್ದ. ಮೈಸೂರಿನ ರಾಜೀವ್‌ನಗರದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಮುಂದೆ ಮಣೆ, ಪಕ್ಕದಲ್ಲಿ ಇದ್ದಿಲು ಮತ್ತು ಜಿಗಟು ಪುಡಿ ಸೇರಿಸಿ ಕಲಸಿದ ಕರಿ ಹಿಟ್ಟು, ಬಿದಿರು ಕಡ್ಡಿಯ ಕಟ್ಟು. ಚಿಟಿಕೆ ಹಿಟ್ಟು ಹಿಡಿದು ಕಡ್ಡಿಗೆ ಒತ್ತಿ, ಅಂಗೈಯಲ್ಲಿ ಒಂದು ಸಲ ಉರುಳಿಸಿದರೆ ಬತ್ತಿ ತಯಾರು. ಸಾವಿರಕ್ಕೆ ಇಷ್ಟು ಅಂತ ಕೂಲಿ.

ಅಸರ್ (ಸಂಜೆಗೆ ಮುಂಚಿನ) ನಮಾಜಿಗೆ ಎದ್ದು ವಜೂ ಮಾಡುವಾಗ, ಅಂದರೆ ಕೈಕಾಲು ಮುಖ ತೊಳೆಯುವಾಗ, ಮೂಗಿಗೆ ಮೂರು ಸಲ ನೀರು ಹಾಕಬೇಕಲ್ವಾ. ಅಮ್ಮಿಗೆ ಮೂರನೇ ಸಲವೂ ನೀರು ಕಪ್ಪಾಗಿಯೇ ಬರುತ್ತಿತ್ತು. ಚಿಕ್ಕವಳಿದ್ದಾಗ ಅದು ಎಲ್ಲರಿಗೂ ಹಾಗೇ ಬರುತ್ತದೆ ಅಂದುಕೊಂಡಿದ್ದೆ.

ಇಸ್ಲಾಂ ಮತ್ತು ಪರಿಸರ ಅಂದ ಕೂಡಲೇ ನಮ್ಮಲ್ಲಿ ಗಿಡದ ಮಾತು ಬರುತ್ತದೆ. ಕಿಯಾಮತ್, ಅಂದರೆ ಪ್ರಳಯದ ದಿನ, ಬಂದೇಬಿಟ್ಟಿತು ಅನ್ನುವಾಗಲೂ ಕೈಯಲ್ಲಿ ಸಸಿ ಇದ್ದರೆ ನೆಟ್ಟುಬಿಡಿ ಅನ್ನುವ ಹದೀಸ್ (ಪ್ರವಾದಿಯವರ ಮಾತು) ಎಲ್ಲರಿಗೂ ಗೊತ್ತು. ಜೂನ್ 5ರ ಪರಿಸರ ದಿನ ಬಂದರೆ ಮಸೀದಿಯ ಬಯಾನಿನಲ್ಲಿ (ಪ್ರವಚನದಲ್ಲಿ) ಅದು ಕೇಳಿಬರುತ್ತದೆ, ಗಿಡವೂ ನೆಡುತ್ತಾರೆ. ಒಳ್ಳೆಯದೇ. ಆದರೆ ಹೊಗೆ, ಧೂಳಿನ ಬಗ್ಗೆ ಈ ಧರ್ಮ ಎಷ್ಟು ಹಿಂದಿನಿಂದ ಯೋಚನೆ ಮಾಡಿದೆ ಅನ್ನೋದು ನನಗೇ ತುಂಬಾ ತಡವಾಗಿ ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬುಡದಿಂದ ನೋಡೋಣ. "ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿ ಹಾನಿಯನ್ನೂ ಮಾಡಬಾರದು" ಎಂಬ ಅರ್ಥದ ಹದೀಸ್ ಇಬ್ನ್ ಮಾಜಾ ಅವರ ಸಂಗ್ರಹದಲ್ಲಿದೆ. ಮದೀನಾದ ಸುತ್ತ ಮರ ಕಡಿಯಬಾರದ, ಬೇಟೆಯಾಡಬಾರದ ಜಾಗವನ್ನು ಪ್ರವಾದಿಯವರೇ ಗುರುತಿಸಿದ್ದರು. ನಿಂತ ನೀರಿನಲ್ಲಿ ಮೂತ್ರ ಮಾಡಬೇಡಿ ಅಂದರು, ಹರಿಯುವ ನದಿಯ ದಡದಲ್ಲಿ ವಜೂ ಮಾಡುವಾಗಲೂ ನೀರು ಪೋಲು ಮಾಡಬೇಡಿ ಅಂದರು. ಜನರ ಕೈ ಮಾಡಿದ ಕೆಲಸದಿಂದಲೇ ನೆಲದಲ್ಲೂ ಕಡಲಲ್ಲೂ ಕೆಡುಕು ತಲೆದೋರಿದೆ ಎಂಬ ಮಾತು ಕುರ್‌ಆನಿನ 30ನೇ ಸೂರಾದಲ್ಲಿದೆ.

ಈ ಮಾತುಗಳನ್ನು ಹಿಡಿದುಕೊಂಡು ನ್ಯಾಯ ಹೇಳುವವರು ಏನು ಮಾಡಿದರು ಅನ್ನೋದು ನನಗೆ ಇನ್ನೂ ಇಷ್ಟವಾದ ಭಾಗ. 9ನೇ ಶತಮಾನದಲ್ಲಿ, ಈಗಿನ ಟುನೀಶಿಯಾದ ಕೈರವಾನ್ ಊರಿನಲ್ಲಿ ಸಹನೂನ್ ಎಂಬ ವಿದ್ವಾಂಸರಿದ್ದರು. ಅವರು ಸೇರಿಸಿಟ್ಟ 'ಮುದವ್ವನಾ' ಎಂಬ ಗ್ರಂಥದಲ್ಲಿ ಒಂದು ಪ್ರಶ್ನೆ ಬರುತ್ತದೆ. ಒಬ್ಬ ತನ್ನದೇ ಜಾಗದಲ್ಲಿ ಭಟ್ಟಿ (ದೊಡ್ಡ ಒಲೆ) ಹಾಕುತ್ತಾನೆ, ಅದರ ಹೊಗೆ ಪಕ್ಕದ ಮನೆಗೆ ನುಗ್ಗುತ್ತದೆ, ಪಕ್ಕದವರು ತಡೆಯಬಹುದಾ? ತಡೆಯಬಹುದು ಅಂತ ಉತ್ತರ. ಜಾಗ ನಿನ್ನದಾದರೂ ಹೊಗೆ ನಿನ್ನ ಜಾಗದಲ್ಲಿ ನಿಲ್ಲುವುದಿಲ್ಲವಲ್ಲ.

12ನೇ ಶತಮಾನಕ್ಕೆ ಬಂದರೆ ಸಿರಿಯಾದಲ್ಲಿ ಶೈಜರಿ ಎಂಬುವರು ಮುಹ್ತಸಿಬ್‌ಗಳಿಗೆ ಒಂದು ಕೈಪಿಡಿ ಬರೆದರು. ಮುಹ್ತಸಿಬ್ ಅಂದರೆ ಪೇಟೆಯ ತೂಕ, ಅಳತೆ, ಸ್ವಚ್ಛತೆ ನೋಡಿಕೊಳ್ಳುವ ಅಧಿಕಾರಿ. ರೊಟ್ಟಿ ಭಟ್ಟಿಯವರು ಸೂರು ಎತ್ತರಿಸಬೇಕು, ಜನರಿಗೆ ತೊಂದರೆಯಾಗದ ಹಾಗೆ ಹೊಗೆ ಹೋಗಲು ಚಾವಣಿಯಲ್ಲಿ ಅಗಲವಾದ ಕಿಂಡಿ ಬಿಡಬೇಕು ಅಂತ ಅದರಲ್ಲಿದೆ. ಆಮೇಲೆ ಒಟ್ಟೋಮನ್ ಸಾಮ್ರಾಜ್ಯದವರು 1869ರಿಂದ 1876ರವರೆಗೆ 'ಮಜಲ್ಲಾ' ಎಂಬ ಕಾನೂನು ಸಂಹಿತೆ ಮಾಡಿದರಲ್ಲ, ಅದರ 1200ನೇ ಕಲಮು ಇದನ್ನೇ ಬಿಡಿಸಿ ಹೇಳುತ್ತದೆ: ಪಕ್ಕದಲ್ಲಿ ಭಟ್ಟಿಯೋ ಎಣ್ಣೆ ಗಾಣವೋ ಬಂದು, ಹೊಗೆಗೂ ವಾಸನೆಗೂ ಮನೆಯಲ್ಲಿ ಇರಲು ಆಗದಿದ್ದರೆ ಆ ಹಾನಿಯನ್ನು ಹೇಗಾದರೂ ಮಾಡಿ ತೆಗೆಸಬೇಕು.

ಇದನ್ನು ಅಮ್ಮಿಗೆ ಓದಿ ಹೇಳಿದೆ. ಅವರು ಕೇಳಿಸಿಕೊಂಡು, "ಅದು ಪಕ್ಕದ ಮನೆಯವನ ಭಟ್ಟಿ ಕಣೆ. ನಮ್ಮದು ನಮ್ಮ ಮನೆಯಲ್ಲೇ ಇತ್ತಲ್ಲ, ನಾನು ಯಾರ ಮೇಲೆ ದೂರು ಕೊಡಲಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಅಮ್ಮಿ ಕೇಳಿದ್ದರಲ್ಲೇ ಇಡೀ ಸಮಸ್ಯೆ ಇದೆ. ಆ ಹಳೆಯ ಕಾನೂನು ಹೊಗೆಯನ್ನು ನೋಡಿತು, ಆದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವಾಗ ನೋಡಿತು. ಅಡುಗೆಮನೆಯೊಳಗೇ ಹುಟ್ಟಿ ಅಲ್ಲೇ ಒಬ್ಬ ಹೆಂಗಸಿನ ಎದೆಗೆ ಇಳಿಯುವ ಹೊಗೆಗೆ ದೂರುದಾರರೇ ಇರಲಿಲ್ಲ. ಇದು ಮುಸ್ಲಿಮರ ಕಾನೂನಿನ ಕಥೆ ಮಾತ್ರ ಅಂತ ಅಂದುಕೊಳ್ಳಬೇಡಿ. ನಮ್ಮ ದೇಶದ 1981ರ ವಾಯುಮಾಲಿನ್ಯ ಕಾಯ್ದೆ ನೋಡಿಕೊಳ್ಳುವುದೂ ಹೊರಗಿನ ಗಾಳಿಯನ್ನೇ.

ಮನೆಯೊಳಗಿನ ಹೊಗೆಯನ್ನು ಅಳೆಯಲು ಹೊರಟಿದ್ದೇ ತಡವಾಗಿ. 1980ರ ದಶಕದ ಶುರುವಿನಲ್ಲಿ ಕಿರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡುವ ಹೆಂಗಸರ ಮೈಮೇಲೇ ಅಳತೆಯ ಉಪಕರಣ ಕಟ್ಟಿ, ಅವರು ಎಷ್ಟು ಹೊಗೆ ಕುಡಿಯುತ್ತಾರೆ ಅಂತ ಲೆಕ್ಕ ಹಾಕಿದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬೆಂಗಳೂರಿನ ಐಐಎಸ್‌ಸಿಯ 'ಅಸ್ತ್ರ' ತಂಡ ಅಸ್ತ್ರ ಒಲೆ ಮಾಡಿ ಕೊಟ್ಟಿತು. ನಮ್ಮ ಕಡೆ ಹಳ್ಳಿಯ ಹಿರಿಯರಿಗೆ ಆ ಹೆಸರು ಚೆನ್ನಾಗಿ ನೆನಪಿರುತ್ತದೆ. ಸೌದೆ ಕಮ್ಮಿ, ಹೊಗೆ ಹೋಗಲು ಕೊಳವೆ. ರೊಟ್ಟಿ ಭಟ್ಟಿಗೆ ಕಿಂಡಿ ಇಡಬೇಕು ಅಂತ ಶೈಜರಿ ಬರೆದು 800 ವರ್ಷ ಆಗಿತ್ತು.

ಪಾಂಡವಪುರದ ಹತ್ತಿರ ನಮ್ಮ ನಾನಿಯ (ಅಮ್ಮಿಯ ತಾಯಿಯ) ಮನೆ. ಅಲ್ಲಿ ಅಸ್ತ್ರ ಒಲೆ ಬರಲಿಲ್ಲ. ಸೌದೆ ಇದ್ದರೆ ಸೌದೆ, ಇಲ್ಲದಿದ್ದರೆ ಕಬ್ಬಿನ ಸೋಗೆ. ಸೋಗೆ ಭಗ್ ಅಂತ ಉರಿದು ಆರಿಬಿಡುತ್ತದೆ, ಹಾಗಾಗಿ ಒಲೆ ಬಿಟ್ಟು ಏಳುವ ಹಾಗಿಲ್ಲ, ಊದುಕೊಳವೆ ಹಿಡಿದು ಮುಂದೇ ಕೂತಿರಬೇಕು. ಕೊನೆಗಾಲದಲ್ಲಿ ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಬೀಡಿ ಗೀಡಿ ಸೇದ್ತಿದ್ರಾ?" ನಾನಿಗೆ ಎಷ್ಟು ನಾಚಿಕೆಯಾಯಿತು ಅಂದರೆ ತಲೆ ಎತ್ತಲೇ ಇಲ್ಲ. ಒಲೆ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಯಾವುದು ಅನ್ನೋದು ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳಿಂದಲೇ ಬಂದಿದೆ ಅನ್ನೋದು ಆಮೇಲೆ ಗೊತ್ತಾಯಿತು. ಇಲ್ಲಿನ ಹಳ್ಳಿ ಹೆಂಗಸರನ್ನು ಪರೀಕ್ಷೆ ಮಾಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಲೆಕ್ಕ ಬಹಳ ಸುಲಭ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಇರುತ್ತೀರಿ, ಎಷ್ಟು ವರ್ಷದಿಂದ ಇದ್ದೀರಿ, ಎರಡನ್ನೂ ಗುಣಿಸಿ. 60 ದಾಟಿದರೆ ಬಿಡದೆ ಕಾಡುವ ಶ್ವಾಸನಾಳದ ಕಾಯಿಲೆಯಾದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ನಾನಿ ದಿನಕ್ಕೆ 4 ಗಂಟೆ, 40 ವರ್ಷ. 160.

ಹೆಂಗಸರಿಗೇ ಯಾಕೆ ಜಾಸ್ತಿ? ಒಲೆ ಮುಂದೆ ಇರುವವರು ಅವರೇ ಅನ್ನೋದು ಒಂದು. ಬಸುರಿಯಾಗಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತ ಸೇರಿ ಮಗುವಿಗೆ ಹೋಗುವ ಆಮ್ಲಜನಕವನ್ನು ಕಮ್ಮಿ ಮಾಡುತ್ತದೆ, ಹುಟ್ಟುವ ಮಗುವಿನ ತೂಕ ಕಮ್ಮಿಯಾಗುತ್ತದೆ. ಕಣ್ಣಿಗೆ ಪೊರೆ ಬರುವುದಕ್ಕೂ ಒಲೆ ಹೊಗೆಗೂ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 2.37 ಲಕ್ಷ ಐದು ವರ್ಷದೊಳಗಿನ ಮಕ್ಕಳು. 2016ರಲ್ಲಿ ಉಜ್ವಲಾ ಬಂದ ಮೇಲೆ ಎಷ್ಟೋ ಮನೆಗೆ ಗ್ಯಾಸ್ ಬಂತು, ನಿಜವಾಗಿ ದೊಡ್ಡ ಬದಲಾವಣೆ. ಆದರೆ ಮಂಡ್ಯ, ಮೈಸೂರಿನ ಕಡೆ ಬಚ್ಚಲ ಒಲೆ ಇನ್ನೂ ಉರಿಯುತ್ತಿದೆ, ಅದನ್ನು ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಕವರ್ ತುರುಕುತ್ತಾರೆ. ದಯವಿಟ್ಟು ಅದೊಂದನ್ನು ಬಿಡಿ.

ಇತ್ತ ಇಸ್ಲಾಮಿನ ಕಡೆ ಪರಿಸರದ ಹೊಸ ಚರ್ಚೆ ಶುರುವಾದದ್ದು 1966ರಲ್ಲಿ. ಇರಾನಿನ ವಿದ್ವಾಂಸ ಸೈಯದ್ ಹುಸೇನ್ ನಸ್ರ್ ಷಿಕಾಗೊದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಪ್ರಕೃತಿ ಪವಿತ್ರ ಅನ್ನುವ ಭಾವನೆ ಮನುಷ್ಯನಿಂದ ಹೋದದ್ದೇ ಪರಿಸರ ಹಾಳಾಗಲು ಕಾರಣ ಅಂದರು. 1983ರಲ್ಲಿ ಸೌದಿ ಅರೇಬಿಯಾ ಮತ್ತು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಸೇರಿ ಇಸ್ಲಾಮಿನ ಪರಿಸರ ನಿಯಮಗಳ ದಾಖಲೆ ತಂದವು. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಹವಾಮಾನದ ಬಗ್ಗೆ ಘೋಷಣೆ ಆಯಿತು, 2024ರಲ್ಲಿ ನೈರೋಬಿಯಲ್ಲಿ 'ಅಲ್-ಮೀಜಾನ್' ಎಂಬ ಒಡಂಬಡಿಕೆ ಹೊರಬಂತು. ತೈಲ, ಕಾಡು, ಕಡಲು ಎಲ್ಲಾ ದೊಡ್ಡ ಮಾತುಗಳು.

ನನಗೆ ನಮ್ಮ ಕೋಣೆ ಕಂಡದ್ದು ಇಂಡೋನೇಷ್ಯಾದಲ್ಲಿ. ಅಲ್ಲಿ 2017ರಲ್ಲಿ ಚಿರೆಬೊನ್ ಎಂಬ ಊರಿನಲ್ಲಿ ಮಹಿಳಾ ಉಲಮಾಗಳು (ಧರ್ಮ ವಿದ್ವಾಂಸರು) ಸಮಾವೇಶ ಮಾಡಿದರು. ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹ, ಪರಿಸರ ನಾಶ, ಈ ಮೂರರ ಬಗ್ಗೆ ಒಟ್ಟಿಗೇ ಧಾರ್ಮಿಕ ತೀರ್ಮಾನ ಕೊಟ್ಟರು. 2022ರ ಎರಡನೇ ಸಮಾವೇಶದಲ್ಲಿ ಕಸದ ವಿಲೇವಾರಿಯನ್ನೇ ಎತ್ತಿಕೊಂಡು ಅದನ್ನು ಹೆಂಗಸರ ಸುರಕ್ಷತೆಗೆ ಜೋಡಿಸಿದರು. ಕಸ, ಹೊಗೆ, ಕೊಳಕು ನೀರು ಮೊದಲು ಯಾರ ಮೈ ಸೇರುತ್ತದೆ ಅಂತ ಗೊತ್ತಿದ್ದವರು ಕೂತು ಬರೆದ ಮಾತು ಅದು.

ಮೈಸೂರು 2015, 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅಂತ ಹೆಸರು ತಗೊಂಡಾಗ ನಾವೂ ಖುಷಿಪಟ್ಟೆವು. 2019ರಲ್ಲಿ ಗಾಳಿ ಶುದ್ಧ ಮಾಡುವ ಕೇಂದ್ರದ ಯೋಜನೆ ಶುರುವಾದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿದವು, ಮೈಸೂರು ಇರಲಿಲ್ಲ. ರಸ್ತೆಯ ಗಾಳಿ ನೋಡಿದರೆ ಅದು ಸರಿಯೇ ಇರಬಹುದು. ಕಿಟಕಿ ಮುಚ್ಚಿದ ಕೋಣೆಗಳಲ್ಲಿ ಗಾಳಿ ಅಳೆಯುವ ಯಂತ್ರ ಇಡುವುದಿಲ್ಲವಲ್ಲ. ಮೈಸೂರು ಅಗರಬತ್ತಿಗೆ 2005ರಲ್ಲೇ ಊರಿನ ಹೆಸರಿಗೆ ಮಾನ್ಯತೆ ಕೊಡುವ ಜಿಐ ಟ್ಯಾಗ್ ಸಿಕ್ಕಿದೆ. ಹೆಸರು ಊರಿನದು, ಪುಡಿ ಮಾತ್ರ ಹೊಸೆದವರ ಎದೆಯಲ್ಲಿ.

ಅಮ್ಮಿಯ ಪ್ರಶ್ನೆಗೆ ಉತ್ತರ ಬಂದದ್ದು ಹೋದ ರಂಜಾನಿನಲ್ಲಿ, ನಮ್ಮ ಬೀದಿಯ ಹೆಂಗಸರು ಸೇರಿ ಧರ್ಮಪಾಠ ಕೇಳುವ ದರ್ಸ್‌ನಲ್ಲಿ. ನಾನು ಆ 1200ನೇ ಕಲಮಿನ ವಿಷಯ ಹೇಳಿದೆ, ಅಮ್ಮಿ ತಮ್ಮ ಹಳೇ ಮಾತನ್ನೇ ಹೇಳಿದರು. ಹಿಂದೆ ಕೂತಿದ್ದ ಒಬ್ಬರು ಖಾಲಾ (ಹಿರಿಯ ಹೆಂಗಸು), ಇವತ್ತಿಗೂ ಬತ್ತಿ ಹೊಸೆಯುವವರು, ಎದ್ದು ಕೇಳಿದರು: "ಪುಡಿ ಯಾರದ್ದು ಆಪಾ? ಅವನು ತೂಕ ಮಾಡಿ ಕೊಡ್ತಾನೆ, ತೂಕ ಮಾಡಿ ತಗೊಂಡು ಹೋಗ್ತಾನೆ. ಹಾಗಾದ್ರೆ ಭಟ್ಟಿ ಅವನದ್ದೇ ಅಲ್ವಾ, ನಮ್ಮ ಮನೆಯಲ್ಲಿ ತಂದಿಟ್ಟಿದ್ದಾನೆ ಅಷ್ಟೇ."

ಅಮ್ಮಿ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಆ ಕಲಮು ಇನ್ನೊಂದು ಸಲ ಓದು ಅಂದರು.