ಮರಗಟ್ಟಿದ ಮೈಗೂ ಅರಿವಳಿಕೆ ಬೇಕೆ?

ಪ್ರಶ್ನೆ: ನಮ್ಮ ತಂದೆಗೆ ಹಿಂದೆ ಕುಷ್ಠರೋಗ ಇತ್ತು. ಮಾತ್ರೆ ಪೂರ್ತಿ ಮುಗಿಸಿದ್ದಾರೆ, ಆದರೆ ಕೈಕಾಲಿಗೆ ಈಗಲೂ ಸ್ಪರ್ಶವಿಲ್ಲ. ಮುಂದಿನ ತಿಂಗಳು ತೊಡೆಸಂದಿನ ಹರ್ನಿಯಾ ಆಪರೇಷನ್. ನೋವೇ ಗೊತ್ತಾಗದವರಿಗೆ ಅರಿವಳಿಕೆ ಏಕೆ? ಕೊಟ್ಟರೆ ಅಪಾಯವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಕೇ ಬೇಕು. ಕುಷ್ಠರೋಗದ ಬ್ಯಾಕ್ಟೀರಿಯಾ ತಂಪು ಜಾಗ ಹುಡುಕುತ್ತದೆ. ಮೊಣಕೈ ಹಿಂದೆ, ಮೊಣಕಾಲಿನ ಪಕ್ಕ ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುವ ನರಗಳು ಕೆಡುವುದು ಅದಕ್ಕೇ. ಕಂಕುಳು, ತೊಡೆಸಂದು, ಬೆನ್ನಿನ ನಡುಭಾಗ ಬೆಚ್ಚಗಿರುವುದರಿಂದ ಸಾಮಾನ್ಯವಾಗಿ ಬಚಾವಾಗುತ್ತವೆ. ಹರ್ನಿಯಾ ಇರುವುದು ಅಲ್ಲೇ. ಅಂಗಾಲಿಗೆ ಮುಳ್ಳು ನೆಟ್ಟರೂ ತಿಳಿಯದ ನಿಮ್ಮ ತಂದೆಗೆ ಅಲ್ಲಿ ಕತ್ತಿ ತಾಗಿದರೆ ನಮ್ಮೆಲ್ಲರ ಹಾಗೆಯೇ ನೋಯುತ್ತದೆ. ಅಂಗಾಲಿನ ಹುಣ್ಣಿನ ಸತ್ತ ಚರ್ಮವನ್ನು ಚುಚ್ಚುಮದ್ದಿಲ್ಲದೆ ಕತ್ತರಿಸುವುದುಂಟು. ಅದನ್ನು ನೋಡಿದವರು ಇಡೀ ಮೈಯೇ ಹಾಗೆ ಅಂದುಕೊಂಡಿರಬೇಕು.

ಬೆನ್ನಿಗೆ ಕೊಡುವ ಇಂಜೆಕ್ಷನ್ನೋ ಪೂರ್ತಿ ಪ್ರಜ್ಞೆ ತಪ್ಪಿಸುವುದೋ ಎಂಬುದನ್ನು ಅರಿವಳಿಕೆ ವೈದ್ಯರು ಪರೀಕ್ಷಿಸಿ ನಿರ್ಧರಿಸುತ್ತಾರೆ. ಯಾವ ಬೆರಳಿಗೆ ಸ್ಪರ್ಶವಿಲ್ಲ, ಯಾವ ಸ್ನಾಯು ಸೊರಗಿದೆ ಎಂಬುದನ್ನು ಮೊದಲೇ ಫೈಲಿನಲ್ಲಿ ಬರೆಸಿ. ಇಲ್ಲವಾದರೆ ನಾಳೆ ಆ ಜೋಮೆಲ್ಲ ಇಂಜೆಕ್ಷನ್ನಿನ ತಲೆಗೆ ಬರುತ್ತದೆ.

ನಿಜವಾದ ಅಪಾಯ ರೋಗವನ್ನು ಮುಚ್ಚಿಡುವುದರಲ್ಲಿದೆ. ಬಿಪಿ, ಶುಗರ್ ಎಲ್ಲ ಹೇಳಿ ಇದೊಂದನ್ನು ನುಂಗಿಕೊಳ್ಳುವ ಮನೆಗಳು ನಮ್ಮ ಕಡೆ ಕಡಿಮೆಯಿಲ್ಲ. ಊರಿಗೆ ಹೇಳಬೇಡಿ, ಅದು ನಿಮ್ಮಿಷ್ಟ. ಅರಿವಳಿಕೆ ವೈದ್ಯರಿಗೆ ಮಾತ್ರ ಹೇಳಲೇಬೇಕು. ರೋಗ ಕೆಲವೊಮ್ಮೆ ಹೃದಯಬಡಿತ, ರಕ್ತದೊತ್ತಡ ನೋಡಿಕೊಳ್ಳುವ ನರಗಳನ್ನೂ ತಟ್ಟಿರುತ್ತದೆ. ಹಾಗಿದ್ದವರಿಗೆ ಅರಿವಳಿಕೆ ಕೊಟ್ಟೊಡನೆ ಬಿಪಿ ಕುಸಿಯಬಹುದು. ಮೊದಲೇ ಗೊತ್ತಿದ್ದರೆ ಸಂಭಾಳಿಸುತ್ತಾರೆ.

ಮಾತ್ರೆ ಇನ್ನೂ ನಡೆಯುತ್ತಿದ್ದರೆ (6 ಅಥವಾ 12 ತಿಂಗಳ ಕೋರ್ಸ್) ಸ್ಟ್ರಿಪ್ಪನ್ನೇ ಒಯ್ದು ತೋರಿಸಿ. ಅದರಲ್ಲಿರುವ ಡ್ಯಾಪ್ಸೋನ್ ರಕ್ತಹೀನತೆ ತರಬಹುದು. ಕೆಲವರ ರಕ್ತದಲ್ಲಿ ಆಮ್ಲಜನಕ ಹೊರಲಾಗದ ಹಿಮೋಗ್ಲೋಬಿನ್ನನ್ನೂ ಹೆಚ್ಚಿಸುತ್ತದೆ. ಆಗ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪಿನ ಅಂಕಿ 85ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಎಷ್ಟು ಆಮ್ಲಜನಕ ಕೊಟ್ಟರೂ ಮೇಲೇರುವುದಿಲ್ಲ. ಅದೇ ಸ್ಟ್ರಿಪ್ಪಿನಲ್ಲಿರುವ ರಿಫಾಂಪಿಸಿನ್ ಬೇರೆ ಕೆಲವು ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ. ಅದರಲ್ಲಿನ ಇನ್ನೊಂದು ಔಷಧಿ ಕ್ಲೋಫಾಜಿಮಿನ್ ಚರ್ಮ ಕಪ್ಪಾಗಿಸುವುದರಿಂದ, ಆಮ್ಲಜನಕ ಸಾಲದೆ ಮೈ ನೀಲಿಗಟ್ಟಿದ್ದು ಕಣ್ಣಿಗೆ ಬೀಳುವುದು ಕಷ್ಟ. ನಿಮ್ಮ ತಂದೆ ಮಾತ್ರೆ ಬಿಟ್ಟು ವರ್ಷಗಳೇ ಆಗಿದ್ದರೆ ಇವು ಯಾವುವೂ ಲೆಕ್ಕಕ್ಕಿಲ್ಲ. ಆದರೆ ಇತ್ತೀಚೆಗೆ ನರದ ಉರಿಯೂತಕ್ಕೆಂದು ಪ್ರೆಡ್ನಿಸೊಲೋನ್ ನುಂಗಿದ್ದರೆ ಅದು ಬೇರೆಯೇ ಮಾತು. ಆ ಸ್ಟೀರಾಯ್ಡನ್ನು ಹಠಾತ್ತನೆ ನಿಲ್ಲಿಸಬಾರದು. ಆಪರೇಷನ್ ದಿನ ಹೆಚ್ಚುವರಿ ಡೋಸ್ ಬೇಕಾಗಬಹುದು.

ವಾರ್ಡಿನಲ್ಲಿ ಮನೆಯವರ ಕಣ್ಣೂ ಬೇಕು. ಡ್ರಿಪ್ಪಿನ ಸೂಜಿ ಜಾರಿ ಕೈ ಊದಿಕೊಂಡರೂ ಅವರು ‘ಉರಿ’ ಅನ್ನುವುದಿಲ್ಲ. ನೋಡಿ ಹೇಳಬೇಕಾದವರು ನೀವು. ಹಿಮ್ಮಡಿ ಕೆಳಗೆ ಮೆತ್ತೆ ಇರಲಿ. ರೆಪ್ಪೆ ಪೂರ್ತಿ ಮುಚ್ಚದವರ ಕಣ್ಣಿಗೆ ಟೇಪ್ ಹಾಕಿಸಿ. ಶಿರಸಿಯ ಮಳೆಗಾಲದಲ್ಲಿ ‘ಚಳಿಯಾಗ್ತದೆ’ ಎಂದು ಪಾದಕ್ಕೆ ಬಿಸಿನೀರಿನ ಚೀಲ ಇಡುವುದು, ಮನೆಗೆ ಬಂದಮೇಲೆ ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕೂರಿಸುವುದು ಬೇಡವೇ ಬೇಡ. ಸುಟ್ಟ ಬೊಬ್ಬೆ ಮರುದಿನ ಕಾಲು ತೊಳೆಯುವಾಗಲೇ ಕಾಣುವುದು.

ಚಿಕಿತ್ಸೆ ಮುಗಿಸಿದವರಿಂದ ರೋಗ ಹರಡುವುದಿಲ್ಲ. ಬೇರೆ ಮಂಚ, ಬೇರೆ ಕೋಣೆ ಎಂದು ಯಾರಾದರೂ ತಕರಾರು ತೆಗೆದರೆ ವೈದ್ಯರಿಂದಲೇ ಹೇಳಿಸಿ.

ಅರಿವಳಿಕೆ ವೈದ್ಯರಿರುವ ಕಡೆ ಹರ್ನಿಯಾವನ್ನು ಶಿರಸಿಯಲ್ಲೇ ಮಾಡಿಸಬಹುದು. ತಂದೆಯವರ ಮೂಗಿನ ದಂಡ ಕುಸಿದಿದ್ದರೆ, ಧ್ವನಿ ಒಡೆದಿದ್ದರೆ ಉಸಿರಿನ ನಳಿಗೆ ಹಾಕುವುದು ಕಷ್ಟವಾಗಬಹುದು. ಮೂತ್ರಪಿಂಡದ ತೊಂದರೆ ಇದ್ದರೂ ಯೋಚಿಸಬೇಕು. ಅಂಥವರಿಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ ಹುಬ್ಬಳ್ಳಿಯೋ ಮೇಲು.