ಕಣ್ಣು ಮುಚ್ಚಿದರೆ ಬರೀ ಕತ್ತಲೆ: ಬೇರೆಯವರಿಗೆ ನಿಜಕ್ಕೂ ಚಿತ್ರ ಕಾಣುತ್ತದಾ?

ಪ್ರಶ್ನೆ: ಸರ್, ನಾನು ಉಡುಪಿಯವಳು. ನಮ್ಮ ಭಜನಾ ಮಂಡಳಿಯಲ್ಲಿ ಭಜನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಧ್ಯಾನ ಇರುತ್ತದೆ. ‘ಕಣ್ಣು ಮುಚ್ಚಿ, ಕೃಷ್ಣನ ರೂಪವನ್ನು ಕಣ್ಣ ಮುಂದೆ ತಂದುಕೊಳ್ಳಿ’ ಅನ್ನುತ್ತಾರೆ. ನನಗೆ ಏನೂ ಬರುವುದಿಲ್ಲ, ಬರೀ ಕತ್ತಲೆ. ದೇವರು ಹಾಗಿರಲಿ, ತೀರಿಕೊಂಡ ಅಮ್ಮನ ಮುಖವೂ ಬರುವುದಿಲ್ಲ. ಪಕ್ಕದಲ್ಲಿ ಕೂತವರು ‘ಎಷ್ಟು ಚಂದ ಕಂಡಿತು’ ಅನ್ನುತ್ತಾರೆ. ಅವರಿಗೆ ನಿಜಕ್ಕೂ ಕಾಣುತ್ತದಾ, ಸುಮ್ನೆ ಹೇಳುವುದಾ? ನನ್ನ ಭಕ್ತಿ ಕಡಿಮೆಯಾ, ತಲೆಯಲ್ಲೇ ಏನಾದರೂ ತೊಂದರೆಯಾ?

ಉತ್ತರ: ಅವರು ಸುಮ್ನೆ ಹೇಳುವುದಲ್ಲ. ಹೆಚ್ಚಿನವರಿಗೆ ಏನೋ ಒಂದು ಚಿತ್ರ ಕಾಣುತ್ತದೆ. ನಿಮಗೆ ಕಾಣದಿರುವುದೂ ಅಷ್ಟೇ ನಿಜ. ಇದು ಕಾಯಿಲೆ ಅಲ್ಲ, ಭಕ್ತಿಗೂ ಇದಕ್ಕೂ ಸಂಬಂಧ ಇಲ್ಲ.

ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಮಂಗಳೂರಿನ ಪಿಯುಸಿ ಮಕ್ಕಳು ‘ಪಾಠದ ಪುಟ ಕಣ್ಣ ಮುಂದೆ ಬರುವುದಿಲ್ಲ’ ಅನ್ನುತ್ತಾರೆ. ಕಾದಂಬರಿ ಓದುವವರು ‘ವರ್ಣನೆ ಬಂದ ಕೂಡಲೇ ಪುಟ ಹಾರಿಸುತ್ತೇನೆ’ ಅನ್ನುತ್ತಾರೆ. ಎಲ್ಲದರ ಹಿಂದೆ ಇರುವುದು ಒಂದೇ ವಿಷಯ. ಮನಸ್ಸಿನಲ್ಲಿ ಚಿತ್ರ ಮೂಡದ ಈ ಸ್ಥಿತಿಗೆ ಅಫ್ಯಾಂಟೇಸಿಯಾ ಅನ್ನುತ್ತಾರೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನರರೋಗ ತಜ್ಞ ಆಡಮ್ ಝೆಮನ್ ಮತ್ತು ಅವರ ಜೊತೆಗಾರರು 2015ರಲ್ಲಿ ಇಟ್ಟ ಹೆಸರು ಅದು.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಸೇಬು ಹಿಡಿಯುತ್ತಾರೆ. ನಮಗೆ ಶಂಕರಪುರ ಮಲ್ಲಿಗೆ ಇರುವಾಗ ಸೇಬು ಯಾಕೆ? ಕಣ್ಣು ಮುಚ್ಚಿ ಒಂದು ಚೆಂಡು ಮಲ್ಲಿಗೆಯನ್ನು ನೆನೆಸಿಕೊಳ್ಳಿ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದು, ಬಾಳೆಲೆಯಲ್ಲಿ ಸುತ್ತಿದ್ದು. ಕೆಲವರಿಗೆ ಅದು ಎದುರಿಗೇ ಇಟ್ಟಷ್ಟು ಸ್ಪಷ್ಟ. ಎಲೆಯ ಹಸಿರು, ಮೊಗ್ಗಿನ ತುದಿ, ಮೇಲೆ ಚಿಮುಕಿಸಿದ ನೀರಿನ ಹನಿ, ಎಲ್ಲ ಕಾಣುತ್ತದೆ. ಕೆಲವರಿಗೆ ಮಂಕಾಗಿ ಬಂದು, ನೋಡುವಷ್ಟರಲ್ಲಿ ಹೋಗುತ್ತದೆ. ನಾನು ಈ ಗುಂಪಿನವನು. ಇನ್ನು ಕೆಲವರಿಗೆ ಏನೂ ಇಲ್ಲ. ಆದರೆ ಮಲ್ಲಿಗೆ ಬಿಳಿ ಎಂದು ಅವರಿಗೆ ಗೊತ್ತು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂದು ಗೊತ್ತು. ಮದುವೆ ಸೀಸನ್‌ನಲ್ಲಿ ಅಟ್ಟೆಯ ರೇಟು ಎಲ್ಲಿಗೆ ಹೋಗುತ್ತದೆ ಎಂದೂ ಗೊತ್ತು. ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಮಿದುಳಿನಲ್ಲಿ ಇವು ಎರಡು ಪ್ರತ್ಯೇಕ ಕೆಲಸ. ನಿಮ್ಮಲ್ಲಿ ಮೊದಲನೆಯದು ಸರಿಯಾಗಿಯೇ ನಡೆಯುತ್ತಿದೆ.

ಇದನ್ನು ಅಳೆಯಲು ಮನಶ್ಶಾಸ್ತ್ರಜ್ಞರ ಹತ್ತಿರ ಒಂದು ಪ್ರಶ್ನಾವಳಿ ಇದೆ. ಡೇವಿಡ್ ಮಾರ್ಕ್ಸ್ 1973ರಲ್ಲಿ ಮಾಡಿದ್ದು, 16 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಹತ್ತಿರದವರ ಮುಖ, ಸೂರ್ಯೋದಯ, ದಿನಾ ಹೋಗುವ ಅಂಗಡಿ, ಹೀಗೆ ಒಂದೊಂದನ್ನು ನೆನೆಸಿಕೊಂಡು ಎಷ್ಟು ಸ್ಪಷ್ಟ ಎಂದು ಹೇಳಬೇಕು. ಎಲ್ಲದಕ್ಕೂ ‘ಏನೂ ಕಾಣುವುದಿಲ್ಲ’ ಎಂದರೆ 16 ಅಂಕ. ಇಂಥ ಅಳತೆಗಳ ಪ್ರಕಾರ ನೂರರಲ್ಲಿ ಸುಮಾರು ನಾಲ್ಕು ಜನಕ್ಕೆ ಚಿತ್ರ ಮೂಡುವುದಿಲ್ಲ ಅಥವಾ ತೀರಾ ಮಂಕು. ಪೂರ್ತಿ ಕತ್ತಲೆ ಇರುವವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಕಡಿಮೆ. ಅಂದರೆ ನಿಮ್ಮ ಮಂಡಳಿಯಲ್ಲೇ ಇನ್ನೊಬ್ಬರು ಇರಬಹುದು. ಅವರು ಬಾಯಿ ಬಿಟ್ಟಿಲ್ಲ, ಅಷ್ಟೆ.

ಬಾಯಿ ಬಿಡದಿರಲು ಕಾರಣ ಇದೆ ಮಾರಾಯ್ರೆ. ‘ಕಣ್ಣ ಮುಂದೆ ಬಂದ ಹಾಗಾಯಿತು’ ಎಂಬ ಮಾತನ್ನು ಇವರು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿರುತ್ತಾರೆ. ಸುಮ್ನೆ ಮಾತಿನ ಅಲಂಕಾರ ಎಂದೇ ತಿಳಿದಿರುತ್ತಾರೆ. 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿಗೂ ಇದೇ ಅನುಭವ ಆಯಿತು. ‘ಇವತ್ತು ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ. ಚಿತ್ರ ಎಷ್ಟು ಬೆಳಕಾಗಿದೆ, ಬಣ್ಣ ಇದೆಯಾ?’ ಎಂದು ಅವರು ಪರಿಚಯದವರನ್ನು ಕೇಳಿದರು. ಮೊದಲು ಕೇಳಿದ್ದು ವಿಜ್ಞಾನಿ ಸ್ನೇಹಿತರನ್ನು. ಅವರಲ್ಲಿ ಹಲವರು ‘ಅಂಥದ್ದೊಂದು ಇದೆ ಎಂದು ಯಾರು ಹೇಳಿದ್ದು ನಿಮಗೆ?’ ಎಂಬಂತೆ ತಿರುಗಿ ಬಿದ್ದರು. ಬೇರೆ ಕಸುಬಿನವರನ್ನು ಕೇಳಿದರೆ ಅವರು ಬಣ್ಣ ಸಹಿತ ಹೇಳುತ್ತಾ ಹೋದರು. ಎರಡು ಕಡೆಯವರಿಗೂ ಎದುರಿನವರ ಮೇಲೆ ಅನುಮಾನ.

ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಈ ವಿಷಯವನ್ನು ಕೇಳಿದವರು ಕಡಿಮೆ. ಮತ್ತೆ ಜೀವ ಬಂದದ್ದು ಒಬ್ಬ ರೋಗಿಯಿಂದ. ಅವರು ಕಟ್ಟಡಗಳ ಸರ್ವೆ ಮಾಡಿ ನಿವೃತ್ತರಾದವರು, ವಯಸ್ಸು 65. ಹೃದಯದ ಚಿಕಿತ್ಸೆ ಆದ ಮೇಲೆ ಅವರ ಮನಸ್ಸಿನ ಚಿತ್ರಗಳೆಲ್ಲ ಒಮ್ಮೆಲೇ ನಿಂತುಹೋದವು. ಮೊದಲು ಮಲಗುವಾಗ ಮನೆಯವರ ಮುಖ, ನೋಡಿದ ಕಟ್ಟಡ ಎಲ್ಲ ನೆನೆಸಿಕೊಳ್ಳುತ್ತಿದ್ದವರು. ಝೆಮನ್ ಅವರನ್ನು ಪರೀಕ್ಷಿಸಿದಾಗ ವಿಚಿತ್ರ ಸಂಗತಿ ಹೊರಬಂತು. ‘ಹುಲ್ಲು, ಪೈನ್ ಮರ, ಎರಡರಲ್ಲಿ ಯಾವುದರ ಹಸಿರು ಕಡು?’ ಎಂದರೆ ಸರಿಯಾಗಿ ಹೇಳುತ್ತಿದ್ದರು. ಹೇಗೆ ಎಂದರೆ, ಗೊತ್ತು ಅಷ್ಟೆ, ಕಾಣುವುದಿಲ್ಲ. 2010ರಲ್ಲಿ ಅವರ ವಿಷಯ ಪ್ರಕಟವಾಯಿತು, ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲೂ ಲೇಖನ ಬಂತು. ಅದನ್ನು ಓದಿದ ಜನ ‘ನನಗೂ ಹೀಗೇ, ಆದರೆ ಹುಟ್ಟಿನಿಂದ’ ಎಂದು ಝೆಮನ್‌ಗೆ ಬರೆಯತೊಡಗಿದರು. ಹಾಗೆ ಬರೆದ 21 ಜನರ ಮೇಲೆಯೇ 2015ರ ಲೇಖನ ನಿಂತಿದೆ. ಓದುಗರ ಪತ್ರದಿಂದ ಒಂದು ವೈದ್ಯಕೀಯ ಹೆಸರು ಹುಟ್ಟಿತು ಎಂದರೆ ನನ್ನಂಥವನಿಗೆ ಖುಷಿಯಾಗದೆ ಇರುತ್ತದಾ?

ಇಲ್ಲಿ ಒಂದು ಅನುಮಾನ ಬರಬೇಕು. ಇದೆಲ್ಲ ಬಾಯಿಮಾತು. ನಿಮಗೆ ಕಾಣುವುದು ನನಗೆ ಗೊತ್ತಾಗುವುದಿಲ್ಲ, ನನಗೆ ಕಾಣುವುದು ನಿಮಗೆ ಗೊತ್ತಾಗುವುದಿಲ್ಲ. ಇಬ್ಬರಿಗೂ ಒಂದೇ ಥರ ಇದ್ದು, ಹೇಳುವ ರೀತಿ ಮಾತ್ರ ಬೇರೆ ಇರಬಹುದಲ್ವಾ?

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋಯೆಲ್ ಪಿಯರ್ಸನ್ ಅವರ ತಂಡ ಇದಕ್ಕೆ ಬಾಯಿಮಾತು ಬೇಡದ ದಾರಿಗಳನ್ನು ಹುಡುಕಿತು. ಒಂದು ಕಣ್ಣಿಗೆ ಕೆಂಪು ಗೆರೆ, ಇನ್ನೊಂದಕ್ಕೆ ಹಸಿರು ಗೆರೆ ತೋರಿಸಿದರೆ ಮಿದುಳು ಒಂದು ಸಲಕ್ಕೆ ಒಂದನ್ನೇ ಆರಿಸಿಕೊಳ್ಳುತ್ತದೆ. ಮೊದಲೇ ಕೆಂಪನ್ನು ಮನಸ್ಸಿನಲ್ಲಿ ತಂದುಕೊಂಡಿದ್ದರೆ ಸಾಮಾನ್ಯವಾಗಿ ಕೆಂಪೇ ಗೆಲ್ಲುತ್ತದೆ. ಅಫ್ಯಾಂಟೇಸಿಯಾ ಇರುವವರಲ್ಲಿ ಆ ಮೇಲುಗೈ ಕಾಣಲಿಲ್ಲ. ಕಣ್ಣಿನ ಪಾಪೆಯೂ ಸಾಕ್ಷಿ ಹೇಳುತ್ತದೆ. ಬೆಳಕಿನ ಆಕಾರವನ್ನು ಬರೀ ಊಹಿಸಿಕೊಂಡರೂ ಹೆಚ್ಚಿನವರ ಪಾಪೆ ಸ್ವಲ್ಪ ಕಿರಿದಾಗುತ್ತದೆ, ಇವರದು ಆಗುವುದಿಲ್ಲ. ಪ್ರಯತ್ನವನ್ನೇ ಮಾಡಿಲ್ಲ ಎನ್ನುವ ಹಾಗೂ ಇಲ್ಲ. ಒಂದರ ಬದಲು ನಾಲ್ಕು ಆಕಾರ ಊಹಿಸಿ ಎಂದಾಗ ಶ್ರಮಕ್ಕೆ ಎಲ್ಲರ ಪಾಪೆಯೂ ಹಿಗ್ಗಿತು, ಇವರದೂ ಹಿಗ್ಗಿತು.

ನನಗೆ ತುಂಬಾ ಇಷ್ಟವಾದದ್ದು ಹೆದರಿಕೆಯ ಪ್ರಯೋಗ, 2021ರದ್ದು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ಭಯದ ಕಥೆಯನ್ನು ಸಾಲು ಸಾಲಾಗಿ ಓದಿಸಿದರು. ಬೆರಳಿಗೆ ತಂತಿ ಕಟ್ಟಿ, ಚರ್ಮ ಎಷ್ಟು ಬೆವರುತ್ತದೆ ಎಂದು ಅಳೆದರು. ಕಥೆ ಮುಂದೆ ಹೋದ ಹಾಗೆ ಉಳಿದವರ ಚರ್ಮ ಬೆವರಿತು. ಚಿತ್ರ ಮೂಡದವರದು ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು. ಆದರೆ ಭಯದ ಫೋಟೋಗಳನ್ನೇ ತೋರಿಸಿದಾಗ ಎರಡೂ ಗುಂಪು ಒಂದೇ ಥರ ಬೆವರಿತು. ಅಂದರೆ ಇವರು ಕಲ್ಲು ಮನಸ್ಸಿನವರಲ್ಲ. ಮಾತು ಚಿತ್ರವಾಗಿ ತಿರುಗಿದಾಗ ಬರುವ ಹೆದರಿಕೆ ಮಾತ್ರ ಇವರಿಗೆ ಇಲ್ಲ. ಮಳೆಗಾಲದ ರಾತ್ರಿ ಕರೆಂಟ್ ಹೋದಾಗ ಅಜ್ಜಿ ಹೇಳುವ ಕುಲೆಯ ಕಥೆಗೆ ಎಲ್ಲರೂ ಮುದುಡಿ ಕೂತಿರುವಾಗ ‘ಆಮೇಲೆ ಏನಾಯಿತು?’ ಎಂದು ಆರಾಮವಾಗಿ ಕೇಳುವ ಒಂದು ಮಗು ಇರುತ್ತದಲ್ಲ, ಅದಕ್ಕೆ ಧೈರ್ಯ ಜಾಸ್ತಿ ಎಂದೇ ಹೇಳಬೇಕಿಲ್ಲ.

ಮಿದುಳಿನೊಳಗೆ ಏನಾಗುತ್ತದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ನೋಡುವಾಗ ಸುದ್ದಿ ಕಣ್ಣಿನಿಂದ ಮಿದುಳಿನ ಹಿಂಭಾಗಕ್ಕೆ ಹೋಗಿ ಅಲ್ಲಿಂದ ಮುಂದಕ್ಕೆ ಬರುತ್ತದೆ. ನೆನೆಸಿಕೊಳ್ಳುವಾಗ ದಾರಿ ಉಲ್ಟಾ, ಮುಂಭಾಗ ಹಿಂಭಾಗವನ್ನು ಎಬ್ಬಿಸಬೇಕು. ಚಿತ್ರ ತೀರಾ ಸ್ಪಷ್ಟವಾಗಿ ಮೂಡುವವರಲ್ಲಿ ಈ ಎರಡು ಕಡೆಗಳ ನಡುವಿನ ಸಂಪರ್ಕ ಬಲವಾಗಿದೆ, ಮೂಡದವರಲ್ಲಿ ಕಡಿಮೆ ಎಂದು ಸ್ಕ್ಯಾನ್‌ಗಳು ತೋರಿಸಿವೆ. ಕಣ್ಣು, ದೃಷ್ಟಿ, ಬುದ್ಧಿ ಯಾವುದರಲ್ಲೂ ಕುಂದು ಇಲ್ಲ.

ನಮ್ಮ ಊರಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಹೊರಗೆ ಬರಬಹುದಾದ ಜಾಗ ತಾಳಮದ್ದಳೆ. ಯಕ್ಷಗಾನದಲ್ಲಿ ವೇಷ ಎದುರಿಗೇ ಇರುತ್ತದೆ, ಕಿರೀಟ, ಬಣ್ಣ, ಕುಣಿತ ಎಲ್ಲ. ತಾಳಮದ್ದಳೆಯಲ್ಲಿ ಏನಿದೆ? ಪಂಚೆ, ಶಾಲು, ಮುಂದೊಂದು ಮೈಕ್. ಭಾಗವತರ ಪದ, ಚೆಂಡೆ ಮದ್ದಳೆ, ಆಮೇಲೆ ಅರ್ಥಧಾರಿಗಳ ಮಾತು. ಒಬ್ಬರಿಗೆ ಆ ಮಾತಿನಲ್ಲೇ ರಥ ಬಂದು ನಿಲ್ಲುತ್ತದೆ, ಕರ್ಣನ ಮುಖ ಬಾಡುವುದು ಕಾಣುತ್ತದೆ. ಪಕ್ಕದವರಿಗೆ ರಥವೂ ಇಲ್ಲ, ಮುಖವೂ ಇಲ್ಲ. ಕೃಷ್ಣ ಎತ್ತಿದ ಪ್ರಶ್ನೆಗೆ ಕರ್ಣ ಎಲ್ಲಿ ಸಿಕ್ಕಿಬಿದ್ದ, ಹೇಗೆ ನುಣುಚಿಕೊಂಡ ಎಂಬ ವಾದವೇ ಆಟ. ಇಬ್ಬರೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ಇಬ್ಬರೂ ‘ಭಾರೀ ಲಾಯ್ಕಾಯಿತು’ ಎಂದು ಎದ್ದು ಹೋಗುತ್ತಾರೆ. ಒಂದೇ ಪ್ರಸಂಗ ಇಬ್ಬರೊಳಗೆ ಎರಡು ರೀತಿ ನಡೆದದ್ದು ಅವರಿಗೆ ಗೊತ್ತೇ ಇರುವುದಿಲ್ಲ. ಎರಡನೆಯವರಿಗೆ ಏನೋ ತಪ್ಪಿಹೋಯಿತು ಎಂದು ನನಗೆ ಅನ್ನಿಸುವುದಿಲ್ಲ. ಅರ್ಥಗಾರಿಕೆಯ ಬಿಗಿ ಅವರಿಗೇ ಒಂದು ತೂಕ ಜಾಸ್ತಿ ಸಿಕ್ಕಿರಬಹುದು.

ಈಗ ಧ್ಯಾನದ ವಿಷಯ. ಚಿತ್ರ ಬಾರದ ಸಂಗತಿ ಧ್ಯಾನದಲ್ಲಿ ಕೂತಾಗಲೇ ಗೊತ್ತಾಗುವುದು ನಿಮಗೊಬ್ಬರಿಗೆ ಅಲ್ಲ. ಪಿಕ್ಸಾರ್ ಎಂಬ ಆನಿಮೇಷನ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್‌ಗೂ ಹಾಗೇ ಆಯಿತು. ಟಿಬೆಟಿಯನ್ ಧ್ಯಾನ ಕಲಿಯುವಾಗ ಒಂದು ಗೋಳವನ್ನು ಮನಸ್ಸಿನಲ್ಲಿ ತಂದುಕೊಳ್ಳಿ ಎಂದರು. ಮನೆಗೆ ಹೋಗಿ ದಿನಗಟ್ಟಲೆ ಪ್ರಯತ್ನಪಟ್ಟರೂ ಗೋಳ ಬರಲಿಲ್ಲ. ಕಂಪ್ಯೂಟರ್‌ನಲ್ಲಿ ಮೂರು ಆಯಾಮದ ಚಿತ್ರ ಬಿಡಿಸುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಅವರು! ಆಮೇಲೆ ವಿಚಾರಿಸಿದರೆ, ಒಳ್ಳೊಳ್ಳೆ ಚಿತ್ರಗಾರರಲ್ಲೂ ಕೆಲವರಿಗೆ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ ಎಂದು ತಿಳಿಯಿತು. ಅಂಥವರು ಕಾಗದದ ಮೇಲೆ ಗೆರೆ ಎಳೆಯುತ್ತಾ, ಅಳಿಸುತ್ತಾ ಹುಡುಕುತ್ತಾರೆ.

ನಮ್ಮಲ್ಲಿ ಒಂದೊಂದು ದೇವರಿಗೂ ಧ್ಯಾನಶ್ಲೋಕ ಇದೆ. ರೂಪವನ್ನು ತಲೆಯಿಂದ ಕಾಲಿನವರೆಗೆ ಮಾತಿನಲ್ಲಿ ಕಟ್ಟಿ ಕೊಡುತ್ತದೆ. ನಿಮಗೆ ಆ ಮಾತೇ ಸಾಕು. ಉಡುಪಿ ಕೃಷ್ಣ ಬಾಲಕ, ಕೈಯಲ್ಲಿ ಕಡೆಗೋಲು, ಇನ್ನೊಂದು ಕೈಯಲ್ಲಿ ಹಗ್ಗ, ನೋಡುವುದು ನವಗ್ರಹ ಕಿಂಡಿಯಿಂದ. ಇಷ್ಟನ್ನು ನೀವು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೀರಿ. ಅದನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳುತ್ತಾ ಹೋಗಿ. ಇಲ್ಲವಾದರೆ ನಾಮಜಪ ಮಾಡಿ, ಉಸಿರಿನ ಮೇಲೆ ಗಮನ ಇಡಿ. ಇವಕ್ಕೆ ಚಿತ್ರದ ಹಂಗೇ ಇಲ್ಲ. ಭಜನೆಯ ರಾಗ ನಿಮ್ಮ ತಲೆಯೊಳಗೆ ಕೇಳಿಸುತ್ತದಾ ಎಂದೂ ಗಮನಿಸಿ ನೋಡಿ. ಚಿತ್ರ ಬಾರದ ಹಲವರಿಗೆ ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ಕೆಲವರಿಗೆ ಅದೂ ಇಲ್ಲ. ಧ್ಯಾನ ಮಾಡಿಸುವವರಿಗೆ ನನ್ನದೊಂದು ಮನವಿ: ‘ಕಂಡಿತಾ?’ ಎಂದು ಎಲ್ಲರೆದುರು ಕೇಳಬೇಡಿ.

ಅಮ್ಮನ ಮುಖದ ಮಾತು ಕಷ್ಟದ್ದು. ಮುಖ ಬರುವುದಿಲ್ಲ ಎಂದರೆ ಅಮ್ಮನನ್ನು ಮರೆತಿದ್ದೀರಿ ಎಂದಲ್ಲ. ಹಳೆಯ ಗ್ರೂಪ್ ಫೋಟೋದಲ್ಲಿ ಮೂಲೆಯಲ್ಲಿ ನಿಂತಿದ್ದರೂ ಕೂಡಲೇ ಗುರುತಿಸುತ್ತೀರಿ ಅಲ್ವಾ? ಮುಖದ ನೆನಪು ಒಳಗೆ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಆದರೆ ಸುಮ್ನೆ ಸಮಾಧಾನ ಹೇಳಿ ಮುಗಿಸುವುದೂ ಸರಿಯಲ್ಲ. ಹಿಂದಿನ ಘಟನೆಗಳನ್ನು ವಿವರವಾಗಿ ಮತ್ತೆ ಅನುಭವಿಸುವುದು ಇವರಿಗೆ ಕಡಿಮೆ, ಕೆಲವರಿಗೆ ಮುಖಗಳ ಗುರುತು ಹಿಡಿಯುವುದೂ ಕಷ್ಟ ಎಂದು ಅಧ್ಯಯನಗಳಲ್ಲಿ ಬಂದಿದೆ. ಹಾಗಾಗಿ ಫೋಟೋ, ವಿಡಿಯೋ, ಧ್ವನಿ ಇರುವ ವಾಟ್ಸಾಪ್ ಮೆಸೇಜ್ ಇವೆಲ್ಲ ನಿಮಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ. ಫೋನ್ ಬದಲಾಯಿಸುವಾಗ ಕಳೆದುಕೊಳ್ಳಬೇಡಿ, ಎರಡು ಕಡೆ ಇಟ್ಟುಕೊಳ್ಳಿ. ಇನ್ನೊಂದು ವಿಷಯ, ಇಂಥವರಲ್ಲಿ ಹಲವರಿಗೆ ಕನಸಿನಲ್ಲಿ ಚಿತ್ರ ಬರುತ್ತದೆ. ಬೇಕೆಂದು ಕರೆದರೆ ಬಾರದ ಮುಖ ನಿದ್ದೆಯಲ್ಲಿ ತಾನಾಗಿ ಬಂದೀತು.

ಪಿಯುಸಿ ಮಕ್ಕಳಿಗೂ ಎರಡು ಮಾತು. ‘ಪುಟವನ್ನು ಕಣ್ಣ ಮುಂದೆ ತಂದುಕೋ’ ಎಂಬ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. 2021ರ ಇನ್ನೊಂದು ಅಧ್ಯಯನದಲ್ಲಿ ಕೋಣೆಗಳ ಫೋಟೋ ತೋರಿಸಿ, ನೆನಪಿನಿಂದ ಚಿತ್ರ ಬಿಡಿಸಲು ಹೇಳಿದರು. ಚಿತ್ರ ಮೂಡದವರು ಕಡಿಮೆ ವಸ್ತು ಬಿಡಿಸಿದರು, ಬಣ್ಣವೂ ಕಡಿಮೆ. ಆದರೆ ಬಿಡಿಸಿದ್ದನ್ನು ಇರಬೇಕಾದ ಜಾಗದಲ್ಲೇ ಇಟ್ಟರು. ಫೋಟೋದಲ್ಲಿ ಇಲ್ಲದ್ದನ್ನು ಸೇರಿಸಿದ ತಪ್ಪು ಇವರಲ್ಲೇ ಕಡಿಮೆ. ಕೆಲವರು ವಸ್ತುವಿನ ಬದಲು ಅದರ ಹೆಸರು ಬರೆದಿಟ್ಟರು. ಜೀವಶಾಸ್ತ್ರದ ಚಿತ್ರವನ್ನು ನೋಡುತ್ತಾ ಕೂರುವ ಬದಲು ಕೈಯಲ್ಲಿ ಬಿಡಿಸಿ, ಭಾಗಗಳ ಹೆಸರು ಬರೆದು, ಯಾವುದರ ಪಕ್ಕ ಯಾವುದು ಎಂದು ಬಾಯಲ್ಲಿ ಹೇಳಿಕೊಳ್ಳುವುದು ಇಂಥ ಮಕ್ಕಳಿಗೆ ಒಗ್ಗುತ್ತದೆ.

ಚಿತ್ರ ಬರಿಸುವ ಔಷಧಿ, ಕೋರ್ಸು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಗ್ಯಾರಂಟಿ ಕೊಡಬಹುದಾದ ದಾರಿ ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭ ಒಂದೇ: ಮೊದಲು ಚೆನ್ನಾಗಿ ಕಾಣುತ್ತಿದ್ದ ಚಿತ್ರ ತಲೆಗೆ ಪೆಟ್ಟು ಬಿದ್ದ ಮೇಲೋ, ಪಾರ್ಶ್ವವಾಯು ಆದ ಮೇಲೋ, ಕಾರಣವೇ ಇಲ್ಲದೆಯೋ ಒಮ್ಮೆಲೇ ನಿಂತರೆ. ಆಗ ನರರೋಗ ತಜ್ಞರಿಗೆ ತೋರಿಸಿ. ನಿಮ್ಮದು ಬುದ್ಧಿ ಬಂದಾಗಿನಿಂದ ಹೀಗೇ ಇದ್ದರೆ ಅಂಥ ಗಡಿಬಿಡಿ ಇಲ್ಲ. ಇದು ಒಂದೇ ಮನೆಯಲ್ಲಿ ಹಲವರಿಗೆ ಇರುವುದುಂಟು, ಅದರಲ್ಲೂ ಒಡಹುಟ್ಟಿದವರಲ್ಲಿ ಸಾಧ್ಯತೆ ಜಾಸ್ತಿ. ಅಣ್ಣನೋ ತಂಗಿಯೋ ಇದ್ದರೆ ಮಲ್ಲಿಗೆಯ ಪ್ರಶ್ನೆ ಕೇಳಿ ನೋಡಿ, ಏನು ಹೇಳಿದರು ಎಂದು ನನಗೂ ಬರೆಯಿರಿ.